ದ್ರಾಕ್ಷಿಯ ತೋಟದಲ್ಲಿ ಪಾನನಿರೋಧದ ಕಥೆ

ನನ್ನ ಅಕ್ಕ ಮದ್ಯದ ವಾಸನೆ ಬಂದ ಕಡೆ ಒಂದು ಗಳಿಗೆ ನಿಲ್ಲುವವಳಲ್ಲ. ಅಂಥವಳ ಜೊತೆಯಲ್ಲಿ ನಾನು ದ್ರಾಕ್ಷಾಮದ್ಯ ತಯಾರಿಸುವ ತೋಟಕ್ಕೆ, ಅದೂ ರುಚಿ ನೋಡುವುದಕ್ಕೆಂದು, ಹೋಗಿ ಬಂದೆನೆಂದರೆ ಊರಿನ ನೆಂಟರು ನಂಬಲಾರರು. ಆದರೂ ನಡೆದದ್ದು ಹಾಗೆಯೇ. ಸೆಪ್ಟೆಂಬರ್ ತಿಂಗಳಿನಲ್ಲಿ ನಾವಿಬ್ಬರೂ ಕ್ಯಾಲಿಫೋರ್ನಿಯದಲ್ಲಿ ಅವಳ ಮಗನ ಮನೆಯಲ್ಲಿದ್ದೆವು. ಅವನಿಗೆ ಐವತ್ತು ತುಂಬಿದ ಸಂದರ್ಭಕ್ಕೆ ಅವನ ಹೆಂಡತಿ ಈ ಏರ್ಪಾಡು ಮಾಡಿದ್ದಳು. ಅತ್ತೆ ಒಪ್ಪುವರೋ ಇಲ್ಲವೋ ಎಂದು ಅವಳು ಹಿಂಜರಿಯುತ್ತಿದ್ದಾಗ ಅಕ್ಕನೇ, "ನಾನು ಬಳ್ಳಿ ನೋಡುತ್ತೇನೆ, ನೀವು ಬೇಕಾದ್ದು ನೋಡಿಕೊಳ್ಳಿ" ಎಂದು ತೀರ್ಮಾನ ಕೊಟ್ಟಳು.

ಸಾನ್ ಹೊಸೆಯಿಂದ ಉತ್ತರಕ್ಕೆ, ಗೋಲ್ಡನ್ ಗೇಟ್ ಸೇತುವೆಯನ್ನು ದಾಟಿ ಎರಡೂವರೆ ಗಂಟೆ ಸಾಗಿದರೆ ಸೊನೋಮ ಪ್ರಾಂತದ ಡ್ರೈ ಕ್ರೀಕ್ ಕಣಿವೆ. ಈ ಸೀಮೆಗೆ ದ್ರಾಕ್ಷಿಯನ್ನು ತಂದವರು ವರ್ತಕರಲ್ಲ, ಸಂನ್ಯಾಸಿಗಳು. ಸ್ಪೇನಿನ ಪಾದ್ರಿಗಳು 1769ರಿಂದ ಕರಾವಳಿಯುದ್ದಕ್ಕೂ 21 ಮಠಗಳನ್ನು ಕಟ್ಟಿದರು. ಪೂಜೆಗೆ ಬೇಕಾದ ದ್ರಾಕ್ಷಾರಸಕ್ಕಾಗಿ ಬಳ್ಳಿ ನೆಟ್ಟರು. ಆ ಸಾಲಿನ ಕೊನೆಯ ಮಠ 1823ರಲ್ಲಿ ಸೊನೋಮದಲ್ಲಿ ಎದ್ದಿತು. ಅನಂತರ ಬಂದವನು ಅಗೋಸ್ತನ್ ಹರಾಸ್ತಿ ಎಂಬ ಹಂಗೆರಿಯವನು. 1857ರಲ್ಲಿ ಇಲ್ಲಿ ತೋಟ ಹಾಕಿ, 1861ರಲ್ಲಿ ಯೂರೋಪನ್ನೆಲ್ಲ ಸುತ್ತಿ, ಸುಮಾರು ಒಂದು ಲಕ್ಷ ಬಳ್ಳಿಯ ಕಡ್ಡಿಗಳನ್ನು ಹಡಗಿನಲ್ಲಿ ತರಿಸಿದ ಸಾಹಸಿ. ಈ ತೋಟಗಳಲ್ಲಿ ನೆಲ ಅಗೆದು, ಗುಡ್ಡ ಕೊರೆದು ನೆಲಮಾಳಿಗೆ ಮಾಡಿಕೊಟ್ಟವರು ಚೀನೀ ಕೂಲಿಗಳು. 1882ರಲ್ಲಿ ಕಾನೂನು ಮಾಡಿ ಅಂಥವರು ಹೊಸದಾಗಿ ಬರುವ ದಾರಿಯನ್ನೇ ಮುಚ್ಚಿದರು. ಅದೇ ಕಾಲದಲ್ಲಿ ಇಟಲಿಯಿಂದ ಬಂದ ಬಡ ಸಂಸಾರಗಳು ಈ ಕಣಿವೆಗಳಲ್ಲಿ ಬೇರು ಬಿಟ್ಟವು. ನಾವು ಹೋದದ್ದು ಅಂಥ ಒಂದು ಸಂಸಾರದ ತೋಟಕ್ಕೆ. ಈಗ ನೋಡಿಕೊಳ್ಳುತ್ತಿರುವಾಕೆ ನಾಲ್ಕನೆಯ ತಲೆಮಾರಿನವಳು.

ಅಕ್ಕ ಚಿಕ್ಕಬಳ್ಳಾಪುರದ ಕಡೆಯ ದ್ರಾಕ್ಷಿ ಚಪ್ಪರಗಳನ್ನು ಕಂಡವಳು. ಇಲ್ಲಿ ಚಪ್ಪರವೂ ಇಲ್ಲ, ತಂತಿಯೂ ಇಲ್ಲ. ಸೊಂಟದೆತ್ತರದ ಮೋಟು ಮರಗಳು, ತೊಡೆಗಾತ್ರದ ಬೊಡ್ಡೆ, ಸುತ್ತ ತಿರುಚಿಕೊಂಡ ಕೊಂಬೆ, ಅದರಲ್ಲಿ ಕಪ್ಪು ಗೊಂಚಲು. ನೂರು ವರ್ಷ ದಾಟಿದ ಬಳ್ಳಿಗಳು. ಇದರ ಹೆಸರು ಜಿನ್‌ಫಾಂಡೆಲ್. ಎಲ್ಲಿಯದೆಂದು ಬಹುಕಾಲ ಯಾರಿಗೂ ತಿಳಿಯದೆ, ಅಮೆರಿಕದ್ದೇ ಎಂದು ಜನ ಹೆಮ್ಮೆಪಟ್ಟಿದ್ದರು. ಡೇವಿಸ್‌ನ ವಿಶ್ವವಿದ್ಯಾನಿಲಯದ ಕ್ಯಾರೊಲ್ ಮೆರೆಡಿತ್ ಎಂಬ ವಿದುಷಿ ಕ್ರೊಯೇಷಿಯದ ವಿಜ್ಞಾನಿಗಳ ಜೊತೆ ಸೇರಿ ಹುಡುಕಿದಾಗ, ಆ ದೇಶದ ಕಡಲಂಚಿನ ಊರೊಂದರಲ್ಲಿ ಅದರ ಬೆರಳೆಣಿಕೆಯ ಬಳ್ಳಿಗಳು ಉಳಿದಿರುವುದು 2001ರಲ್ಲಿ ಗೊತ್ತಾಯಿತು. ಹುಟ್ಟೂರಿನಲ್ಲಿ ಹೆಚ್ಚುಕಡಿಮೆ ಅಳಿದುಹೋಗಿದ್ದ ಕುಲ ಪರದೇಶದಲ್ಲಿ ಹೆಸರು ಬದಲಿಸಿಕೊಂಡು ಬಾಳಿತ್ತು.

"ಕಾನೂನು ಬಂದಾಗ ನಮ್ಮ ಮುತ್ತಜ್ಜ ಕೊಡಲಿ ಹಿಡಿದು ಹೊರಟರಂತೆ, ಮುತ್ತಜ್ಜಿ ಅಡ್ಡ ನಿಂತರಂತೆ" ಎಂದು ತೋಟದಾಕೆ ಹೇಳಿದಳು. ಕಾನೂನೆಂದರೆ ಪಾನನಿರೋಧ. ಅಕ್ಕನ ಕಿವಿ ನೆಟ್ಟಗಾಯಿತು.

ಅಮೆರಿಕದ ಪಾನನಿರೋಧದ ಕಥೆಯಲ್ಲಿ ಹೆಂಗಸರ ಪಾಲು ದೊಡ್ಡದು. ಗಂಡನ ಸಂಬಳ ಪಡಖಾನೆಯ ಪಾಲಾಗುವುದನ್ನು ಕಂಡು ಬೇಸತ್ತ ತಾಯಂದಿರು 1874ರಲ್ಲಿ ಕ್ರೈಸ್ತ ಮಹಿಳೆಯರ ಪಾನಸಂಯಮ ಸಂಘವನ್ನು ಸ್ಥಾಪಿಸಿದರು. ಫ್ರಾನ್ಸಿಸ್ ವಿಲ್ಲಾರ್ಡಳ ನಾಯಕತ್ವದಲ್ಲಿ ಅದು ದೇಶದ ದೊಡ್ಡ ಶಕ್ತಿಗಳಲ್ಲೊಂದಾಯಿತು. ಅವರ ದುಃಖ ಸುಳ್ಳಾಗಿರಲಿಲ್ಲ. ಕೊನೆಗೆ ಸಂವಿಧಾನದ ಹದಿನೆಂಟನೆಯ ತಿದ್ದುಪಡಿ 1920ರ ಜನವರಿಯಲ್ಲಿ ಜಾರಿಗೆ ಬಂದು ಮದ್ಯದ ತಯಾರಿಕೆ, ಮಾರಾಟ, ಸಾಗಣೆಗಳೆಲ್ಲವೂ ಅಪರಾಧಗಳಾದವು. ಆದರೆ ಕುಡಿಯುವುದು ಅಪರಾಧವಾಗಲಿಲ್ಲ! ಈ ಒಂದು ಬಿರುಕಿನಲ್ಲಿ ಹದಿಮೂರು ವರ್ಷಗಳ ಚರಿತ್ರೆಯೆಲ್ಲ ನುಸುಳಿತು.

ಚರ್ಚಿನ ಪೂಜೆಗೆ ದ್ರಾಕ್ಷಾಮದ್ಯಕ್ಕೆ ಅನುಮತಿಯಿತ್ತು. ವೈದ್ಯರು ಚೀಟಿ ಬರೆದುಕೊಟ್ಟರೆ ಔಷಧದಂಗಡಿಯಲ್ಲಿ ವಿಸ್ಕಿ ದೊರೆಯುತ್ತಿತ್ತು. ಇದನ್ನು ಕೇಳಿ ನಾವು ನಗಬೇಕಾದ್ದಿಲ್ಲ. ಮಡಿಯುಟ್ಟು ಅಡಿಗೆ ಮಾಡುತ್ತಿದ್ದ ನಮ್ಮ ಅಜ್ಜಿ ದಿನವೂ ಊಟವಾದ ಮೇಲೆ ಎರಡು ಚಮಚ ದ್ರಾಕ್ಷಾಸವ ತೆಗೆದುಕೊಳ್ಳುತ್ತಿದ್ದಳು. ದ್ರಾಕ್ಷಿಯನ್ನು ಹುಳಿಯಿಸಿಯೇ ಅದನ್ನು ಮಾಡುವುದೆಂದು ಅವಳಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮನೆಯ ಯಜಮಾನನು ವರ್ಷಕ್ಕೆ 200 ಗ್ಯಾಲನ್ ಹಣ್ಣಿನ ರಸವನ್ನು ಸ್ವಂತಕ್ಕೆ ಮಾಡಿಕೊಳ್ಳಬಹುದೆಂಬ ರಿಯಾಯಿತಿಯೂ ಇತ್ತು. ರಸ ಹುಳಿಯಬಾರದು ಎಂಬುದು ಕಾನೂನಿನ ಆಸೆ. ಹುಳಿಯುವುದು ದ್ರಾಕ್ಷಿಯ ಸ್ವಭಾವ. ಒಣಗಿಸಿದ ದ್ರಾಕ್ಷಿಯ ಇಟ್ಟಿಗೆಗಳನ್ನು ಮಾರುವವರು, ಇದನ್ನು ನೀರಿನಲ್ಲಿ ಕದಡಿ ಇಷ್ಟು ದಿನ ಇಡಬೇಡಿ, ಇಟ್ಟರೆ ಮದ್ಯವಾದೀತು ಎಂದು ಎಚ್ಚರಿಕೆಯ ರೂಪದಲ್ಲಿ ಪಾಕವನ್ನೇ ಹೇಳಿಕೊಡುತ್ತಿದ್ದರು. ಕ್ಯಾಲಿಫೋರ್ನಿಯದ ದ್ರಾಕ್ಷಿ ರೈಲಿನಲ್ಲಿ ಪೂರ್ವದ ಊರುಗಳಿಗೆ ಹೊರಟಿತು. ಬೆಲೆ ಏರಿತು. ಜನ ನಾಜೂಕಾದ ಒಳ್ಳೆಯ ಜಾತಿಗಳನ್ನು ಕಿತ್ತು, ದೂರದ ಪ್ರಯಾಣ ತಡೆಯುವ ದಪ್ಪ ಸಿಪ್ಪೆಯ ಹಣ್ಣನ್ನು ನೆಟ್ಟರು. ಕೆಲವೇ ವರ್ಷಗಳಲ್ಲಿ ಬೆಲೆ ಕುಸಿಯಿತು. ಕಸುಬು ಬಲ್ಲವರು ಚದುರಿಹೋದರು. ಮುತ್ತಜ್ಜಿಯ ಹಟದಿಂದ ಈ ತೋಟದಲ್ಲಿ ಮೂರು ಎಕರೆ ಉಳಿಯಿತು; ಮಿಕ್ಕ ನೆಲದಲ್ಲಿ ಪ್ಲಮ್ ಹಣ್ಣಿನ ಮರಗಳು ಬಂದವು.

ರುಚಿ ನೋಡುವ ಚಾವಡಿಗೆ ಬಂದೆವು. ಉದ್ದನೆಯ ಮೇಜು, ತೆಳು ಗಾಜಿನ ಬಟ್ಟಲುಗಳು, ತುಂಡು ಬ್ರೆಡ್ಡು, ನಡುವೆ ಒಂದು ಪಾತ್ರೆ. ಬಾಯಾಡಿಸಿ ಅದರಲ್ಲಿ ಉಗುಳಬಹುದೆಂದು ತಿಳಿದಾಗ ಅಕ್ಕ, "ನಮ್ಮ ಅಜ್ಜನ ಪೀಕದಾನಿ!" ಎಂದಳು. ಹತ್ತೊಂಬತ್ತು ವರ್ಷದ ಮೊಮ್ಮಗಳಿಗೆ ಇಪ್ಪತ್ತೊಂದಾಗಿಲ್ಲವಾದ್ದರಿಂದ ಬರಿಯ ಹಣ್ಣಿನ ರಸ. ಮೋಟಾರು ನಡೆಸಬೇಕಾದ ಸೊಸೆಗೂ ಅದೇ. ನನ್ನ ಮುಂದೆಯೂ ಅಕ್ಕನ ಮಗನ ಮುಂದೆಯೂ ಕೆಂಪು ದ್ರವ ಬಂತು. ಅವನು ಬಟ್ಟಲನ್ನು ಎತ್ತಿ, ತಾಯಿಯ ಕಡೆ ನೋಡಿ, ಹಾಗೆಯೇ ಕೆಳಗಿಟ್ಟ.

ಓದುಗರಿಗೆ ಇಲ್ಲೊಂದು ಮಾತು ತಿಳಿಸಬೇಕು. ನಮ್ಮ ಭಾವ ತೀರಿಕೊಂಡಾಗ ಈ ಹುಡುಗನಿಗೆ ಹನ್ನೊಂದು ವರ್ಷ. ಭಾವ ಒಳ್ಳೆಯ ಗುಮಾಸ್ತರು, ಇನ್ನೂ ಒಳ್ಳೆಯ ಹಾಡುಗಾರರು. ಕುಡಿತ ಎರಡನ್ನೂ ತಿಂದಿತು. ಸಂಬಳದ ದಿನ ಮಗನನ್ನು ಕಛೇರಿಯ ಬಾಗಿಲಿನಲ್ಲಿ ನಿಲ್ಲಿಸಿ ಬರುತ್ತಿದ್ದಳು ಅಕ್ಕ. ಆಮೇಲೆ ರವಿಕೆ ಹೊಲಿದು ಅವನನ್ನು ಓದಿಸಿದಳು. ತಾಯಿ ಮಕ್ಕಳಿಬ್ಬರೂ ಆ ವಿಷಯವನ್ನು ಒಂದು ದಿನವೂ ಬಾಯಿಬಿಟ್ಟು ಆಡಿದ್ದನ್ನು ನಾನು ಕೇಳಿಲ್ಲ.

ಅಕ್ಕ ತೋಟದಾಕೆಯ ಕಡೆ ತಿರುಗಿ, ಮೊಮ್ಮಗಳ ಮೂಲಕ ಕೇಳಿದಳು: "ಆ ಹದಿಮೂರು ವರ್ಷ ಮನೆಯ ಹೆಂಗಸರು ಸುಖವಾಗಿದ್ದರೇ?"

ಆಕೆ ಸ್ವಲ್ಪ ಹೊತ್ತು ಯೋಚಿಸಿ, "ಮೊದಮೊದಲು ಕೆಲವರು ಇದ್ದರು" ಎಂದಳು. ಚರಿತ್ರೆಯೂ ಹಾಗೆಯೇ ಹೇಳುತ್ತದೆ. ಆರಂಭದಲ್ಲಿ ಕುಡಿತ ತಗ್ಗಿತು. ಯಕೃತ್ತಿನ ರೋಗದಿಂದ ಸಾಯುವವರೂ ಕಡಮೆಯಾದರು. ಆಮೇಲೆ ಕಳ್ಳ ವ್ಯಾಪಾರ ಬೇರೂರಿತು. ಕೈಗಾರಿಕೆಯ ಮದ್ಯಸಾರವನ್ನು ಯಾರೂ ಕುಡಿಯಬಾರದೆಂದು ಅದಕ್ಕೆ ವಿಷ ಬೆರೆಸುತ್ತಿದ್ದರು. ಅದನ್ನೇ ಕದ್ದು ಮಾರಿದರು, ಕುಡಿದವರು ಸತ್ತರು. 1929ರಲ್ಲಿ ಪಾಲಿನ್ ಸೇಬಿನ್ ಎಂಬಾಕೆ ಪಾನನಿರೋಧ ತೆಗೆಯಿರೆಂದು ಹೆಂಗಸರದೇ ಸಂಘ ಕಟ್ಟಿದಳು. ತಂದವರಲ್ಲಿಯೂ ಹೆಂಗಸರು, ಕಳೆದವರಲ್ಲಿಯೂ ಹೆಂಗಸರು. ಇಬ್ಬರೂ ಮಕ್ಕಳ ಹೆಸರನ್ನೇ ಹೇಳಿದರು. 1933ರ ಡಿಸೆಂಬರ್ 5ರಂದು ಕಾನೂನು ರದ್ದಾಯಿತು.

ನಮ್ಮ ಮನೆಯಂಗಳದಲ್ಲಿಯೂ ಈ ಪ್ರಶ್ನೆ ತೀರಿಲ್ಲ. ಸಂವಿಧಾನದ 47ನೆಯ ವಿಧಿ ಪಾನನಿರೋಧವನ್ನು ರಾಜ್ಯದ ಗುರಿಗಳಲ್ಲೊಂದೆಂದು ಹೇಳುತ್ತದೆ. 2007ರಲ್ಲಿ ಕರ್ನಾಟಕ ಸರ್ಕಾರ ಸಾರಾಯಿಯನ್ನು ನಿಷೇಧಿಸಿತು. ಅದೇ ವರ್ಷ ದ್ರಾಕ್ಷಿ ಬೆಳೆಗಾರರ ಅನುಕೂಲಕ್ಕಾಗಿ ದ್ರಾಕ್ಷಾಮದ್ಯವನ್ನು ಪ್ರೋತ್ಸಾಹಿಸುವ ನೀತಿಯನ್ನೂ ತಂದಿತು. ಎರಡಕ್ಕೂ ಕಾರಣಗಳುಂಟು. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಅಕ್ಕನಂಥವರಿಗೆ ಏನು ಹೇಳಬೇಕೆಂದು ನನಗಂತೂ ತೋರದು.

ಅಕ್ಕ ಉತ್ತರವನ್ನು ಕೇಳಿ ತಲೆಯಾಡಿಸಿದಳು. ಆಮೇಲೆ ಮಗನಿಗೆ ಹೇಳಿದಳು: "ನಾನಿದ್ದೇನೆಂದು ಇಡಬೇಡ. ಬೇಕಿದ್ದರೆ ನನ್ನೆದುರಿಗೇ ಕುಡಿ, ಬೇಡದಿದ್ದರೆ ಬಿಡು. ಕದ್ದು ಕುಡಿಯುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ."

ಅವನು ಒಂದು ಗುಟುಕು ಕುಡಿದು, ಮಿಕ್ಕದ್ದನ್ನು ಪಾತ್ರೆಗೆ ಸುರಿದ. ನಾನೂ ರುಚಿ ನೋಡಿದೆ. ನೇರಳೆಹಣ್ಣಿನ ಒಗರು, ಹಿಂದೆ ಮೆಣಸಿನ ಖಾರ.

ಹೊರಡುವಾಗ ತೋಟದಾಕೆ ಅಕ್ಕನಿಗೊಂದು ಗೊಂಚಲು ಕಿತ್ತುಕೊಟ್ಟಳು. ಮೋಟಾರಿನಲ್ಲಿ ಅದನ್ನು ಮಡಿಲಿನಲ್ಲಿಟ್ಟುಕೊಂಡು ಒಂದೊಂದೇ ಹಣ್ಣು ಬಿಡಿಸಿ ಎಲ್ಲರಿಗೂ ಹಂಚಿದಳು. ಸೇತುವೆ ಕಾಣುವ ಹೊತ್ತಿಗೆ ಮೊಮ್ಮಗಳು ಮೆಲ್ಲನೆ, "ಅಜ್ಜಿ, ಅಜ್ಜ ಹೇಗಿದ್ದರು?" ಎಂದು ಕೇಳಿದಳು. ಮುಂದಿನ ಸೀಟಿನಲ್ಲಿ ಅವಳ ತಂದೆ ಹಿಂದೆ ತಿರುಗಲಿಲ್ಲ. ಆದರೆ ರೇಡಿಯೋ ನಿಲ್ಲಿಸಿದ.

"ಹಾಡುತ್ತಿದ್ದರು" ಎಂದು ಅಕ್ಕ ಶುರುಮಾಡಿದಳು.