ಪುಣೆಯ ಗಣಕಗಳಿಗೆ ಗ್ರಾಫಿಕ್ಸ್ ಕಾರ್ಡ್ ಬಂದ ಬಗೆ

ಗ್ರಾಫಿಕ್ಸ್ ಕಾರ್ಡ್ ಹುಟ್ಟಿದ್ದು ಪರದೆಯ ಮೇಲೆ ಚಿತ್ರ ಮೂಡಿಸಲು. ಲಕ್ಷಾಂತರ ಚುಕ್ಕೆಗಳಿಗೆ ಒಂದೇ ಬಗೆಯ ಗುಣಾಕಾರ ಮತ್ತು ಸಂಕಲನವನ್ನು ಏಕಕಾಲಕ್ಕೆ ಮಾಡಿ ಮುಗಿಸುವುದು ಅದರ ಕೆಲಸ. ಚಿತ್ರಕ್ಕೆ ಸಂಬಂಧವೇ ಇಲ್ಲದ ವೈಜ್ಞಾನಿಕ ಲೆಕ್ಕಗಳಲ್ಲೂ ಬಹುಪಾಲು ಇದೇ ಗುಣಾಕಾರ, ಸಂಕಲನ. ಹಾಗಾಗಿ ಹಳೆಯ ಯಂತ್ರವನ್ನು ಎಸೆಯದೆ, ಅದಕ್ಕೊಂದು ಸಹಾಯಕ ಕಾರ್ಡ್ ಸಿಕ್ಕಿಸಿ ಶಕ್ತಿ ಹೆಚ್ಚಿಸುವ ಪದ್ಧತಿ ಸಂಶೋಧನಾಲಯಗಳಲ್ಲಿ ಬೆಳೆಯಿತು. ಭಾರತದಲ್ಲಿ ಈ ಪದ್ಧತಿಯ ಚರಿತ್ರೆಯನ್ನು ಪುಣೆಯಷ್ಟು ಸ್ಪಷ್ಟವಾಗಿ ತೋರಿಸುವ ಊರು ಇನ್ನೊಂದಿಲ್ಲ. ಪ್ರತಿ ಸಲವೂ ಕಾರ್ಡಿನ ಜೊತೆಗೇ ಬಂದ ಪ್ರಶ್ನೆ ವಿದ್ಯುತ್ತಿನದು.

ಸರ್ಕಾರಿ ಗಣಕ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಸ್ಥಾಪನೆಯಾದದ್ದು 1988ರಲ್ಲಿ, ಪುಣೆ ವಿಶ್ವವಿದ್ಯಾಲಯದ ಗಣೇಶಖಿಂಡ್ ಆವರಣದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕ್ರೇ ಸೂಪರ್ ಕಂಪ್ಯೂಟರ್ ತರಿಸಬೇಕೆಂಬ ಬಯಕೆ ಅಮೆರಿಕದ ರಫ್ತು ನಿರ್ಬಂಧಗಳಿಂದ ಕೈಗೂಡಲಿಲ್ಲ. ದೆಹಲಿಯ ಹವಾಮಾನ ಕೇಂದ್ರಕ್ಕೆ ಮಾತ್ರ ಚಿಕ್ಕ ಮಾದರಿಯೊಂದು ಬಂತು. ವಿಜಯ್ ಭಟ್ಕರ್ ನೇತೃತ್ವದ ಸಿ-ಡ್ಯಾಕ್‌ಗೆ ದೇಶದಲ್ಲೇ ಸೂಪರ್ ಕಂಪ್ಯೂಟರ್ ಕಟ್ಟಲು ಸಿಕ್ಕಿದ್ದು ಮೂರು ವರ್ಷಗಳ ಗಡುವು ಮತ್ತು ಸುಮಾರು 30 ಕೋಟಿ ರೂಪಾಯಿ. 1991ರಲ್ಲಿ ಸಿದ್ಧವಾದ ಪರಮ್ 8000 ಯಂತ್ರದಲ್ಲಿ ಬ್ರಿಟನ್ನಿನ ಇನ್‌ಮಾಸ್ ಕಂಪನಿಯ ಟಿ800 ಟ್ರಾನ್ಸ್‌ಪ್ಯೂಟರ್ ಚಿಪ್‌ಗಳು ಪರಸ್ಪರ ಸಂದೇಶ ಕಳುಹಿಸುತ್ತ ಲೆಕ್ಕ ಹಂಚಿಕೊಳ್ಳುತ್ತಿದ್ದವು.

ಅದರ ಬೆನ್ನಿಗೇ ಬಂದ ಪರಮ್ 8600 ಈ ಚರಿತ್ರೆಯ ನಿಜವಾದ ಮೊದಲ ಅಧ್ಯಾಯ. ಹಳೆಯ ವಿನ್ಯಾಸವನ್ನು ಉಳಿಸಿಕೊಂಡು, ಅದಕ್ಕೆ ಇಂಟೆಲ್‌ನ ಐ860 ಚಿಪ್ ಸೇರಿಸಲಾಯಿತು. ಭಾರದ ಲೆಕ್ಕವೆಲ್ಲ ಐ860ರ ಪಾಲಿಗೆ, ಸಂದೇಶ ಸಾಗಣೆ ಟ್ರಾನ್ಸ್‌ಪ್ಯೂಟರಿನ ಪಾಲಿಗೆ. 1989ರಲ್ಲಿ ಬಿಡುಗಡೆಯಾದ ಈ ಐ860ರ ಒಳಗೆ ಮೂರು ಆಯಾಮದ ಚಿತ್ರಗಳಿಗೆಂದೇ ಒಂದು ಘಟಕವಿತ್ತು. ಸ್ಟೀವ್ ಜಾಬ್ಸ್ ಕಟ್ಟಿದ ನೆಕ್ಸ್ಟ್ ಕಂಪನಿ ಅದೇ ಚಿಪ್ಪನ್ನು ತನ್ನ ವರ್ಕ್‌ಸ್ಟೇಷನ್ನಿನ ಗ್ರಾಫಿಕ್ಸ್ ಬೋರ್ಡಿಗೆ ಬಳಸಿತು. ಅಮೆರಿಕದಲ್ಲಿ ಬಣ್ಣದ ಚಿತ್ರ ಬಿಡಿಸುತ್ತಿದ್ದ ಚಿಪ್ಪು ಪುಣೆಯಲ್ಲಿ ಸೂಪರ್ ಕಂಪ್ಯೂಟರಿನ ಹೆಗಲಾಗಿತ್ತು ಎಂಬುದನ್ನು ಗ್ರಾಫಿಕ್ಸ್ ಕಾರ್ಡಿನ ಇಂದಿನ ಚರಿತ್ರಕಾರರು ಅಷ್ಟಾಗಿ ಗಮನಿಸಿದಂತಿಲ್ಲ. ಮುಂದಿನ ಪರಮ್‌ಗಳು ಸಾಮಾನ್ಯ ಪ್ರೊಸೆಸರುಗಳ ದಾರಿಗೇ ಮರಳಿದವು. 2003ರಲ್ಲಿ ಜಗತ್ತಿನ ಅತಿ ವೇಗದ ಗಣಕಗಳ ಪಟ್ಟಿ ಸೇರಿದ ಪರಮ್ ಪದ್ಮ ನೆಲೆಸಿದ್ದು ಪುಣೆಯಲ್ಲಲ್ಲ, ಬೆಂಗಳೂರಿನಲ್ಲಿ.

ಈ ನಡುವೆ ಸಾಮಾನ್ಯ ಮೇಜುಗಣಕದ ಒಳಗೆ ವಿದ್ಯುತ್ತಿನ ಹಂಚಿಕೆಯೇ ಬದಲಾಯಿತು. ಗೋಡೆಯ 230 ವೋಲ್ಟ್ ಕರೆಂಟನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿಕೊಡುವ ಪೆಟ್ಟಿಗೆಯನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಪುಣೆಯ ಬುಧವಾರ ಪೇಟೆಯ ತಪಕೀರ್ ಗಲ್ಲಿಯಲ್ಲೂ ಎಸ್‌ಎಂಪಿಎಸ್ ಎಂದೇ ಕೇಳಿ ಕೊಳ್ಳುತ್ತಾರೆ. 1995ರ ಎಟಿಎಕ್ಸ್ ವಿನ್ಯಾಸದ ಕಾಲದಲ್ಲಿ ಹೆಚ್ಚಿನ ಕರೆಂಟು ಹರಿಯುತ್ತಿದ್ದದ್ದು 5 ಮತ್ತು 3.3 ವೋಲ್ಟಿನ ತಂತಿಗಳಲ್ಲಿ. 2000ದಲ್ಲಿ ಬಂದ ಪೆಂಟಿಯಂ 4 ತನ್ನ ಪಾಲನ್ನು 12 ವೋಲ್ಟಿನ ತಂತಿಗೆ ವರ್ಗಾಯಿಸಿತು. 2002ರ ರೇಡಿಯಾನ್ 9700 ಪ್ರೊ ಕಾರ್ಡಿಗೆ ಅದನ್ನು ಸಿಕ್ಕಿಸುವ ಸ್ಲಾಟಿನ ಕರೆಂಟು ಸಾಲದೆ, ಎಸ್‌ಎಂಪಿಎಸ್‌ನಿಂದ ಬೇರೆಯೇ ತಂತಿ ಎಳೆಯಬೇಕಾಯಿತು. ಪಿಸಿಐ ಎಕ್ಸ್‌ಪ್ರೆಸ್ ಬಂದ ಮೇಲೆ ಲೆಕ್ಕ ಸ್ಥಿರವಾಯಿತು: ಸ್ಲಾಟಿನಿಂದ ಗರಿಷ್ಠ 75 ವ್ಯಾಟ್, ಆರು ಪಿನ್ನಿನ ತಂತಿಯಿಂದ ಇನ್ನೊಂದು 75, ಎಂಟು ಪಿನ್ನಿನದಾದರೆ 150. ಪಿನ್ನಿನ ಈ ತಂತಿಗಳೆಲ್ಲ 12 ವೋಲ್ಟಿನವು. ಆದ್ದರಿಂದಲೇ ಮೈಮೇಲೆ 400 ವ್ಯಾಟ್ ಎಂದು ಬರೆದ ಹಳೆಯ ಎಸ್‌ಎಂಪಿಎಸ್ ಕೂಡ ಹೊಸ ಕಾರ್ಡಿನ ಭಾರಕ್ಕೆ ಕೈಚೆಲ್ಲಬಹುದು. ಬರೆದಿರುವುದು ಒಟ್ಟು ಮೊತ್ತ. ನೋಡಬೇಕಾದದ್ದು 12 ವೋಲ್ಟಿನ ಸಾಲಿನಲ್ಲಿ ಎಷ್ಟು ಆಂಪಿಯರ್ ಎಂಬುದನ್ನು.

ಆ ದಶಕದಲ್ಲಿ ಊರಿನ ಕರೆಂಟೇ ಖಾತರಿಯಿರಲಿಲ್ಲ. ಮಹಾರಾಷ್ಟ್ರ ಲೋಡ್ ಶೆಡ್ಡಿಂಗ್‌ನಲ್ಲಿ ನಲುಗುತ್ತಿದ್ದ 2006ರಲ್ಲಿ, ಕಾರ್ಖಾನೆಗಳು ಬೇಡಿಕೆ ಹೆಚ್ಚುವ ಹೊತ್ತಿಗೆ ತಮ್ಮ ಜನರೇಟರ್ ಓಡಿಸಿ ಗ್ರಿಡ್ಡಿನ ಕರೆಂಟನ್ನು ನಗರಕ್ಕೆ ಬಿಟ್ಟುಕೊಡುವ, ಅದರ ಹೆಚ್ಚುವರಿ ವೆಚ್ಚವನ್ನು ಬಳಕೆದಾರರ ಬಿಲ್ಲಿಗೆ ಸೇರಿಸುವ ಏರ್ಪಾಡು ಜಾರಿಗೆ ಬಂತು. ಅದಕ್ಕೆ ‘ಪುಣೆ ಮಾದರಿ’ ಎಂದೇ ಹೆಸರು. ಮರುವರ್ಷ ಟಾಟಾ ಸಮೂಹದ ಸಂಸ್ಥೆಯೊಂದು ಪುಣೆಯಲ್ಲಿ ಕಟ್ಟಿದ ‘ಏಕ’ ಸೂಪರ್ ಕಂಪ್ಯೂಟರ್ ಜಗತ್ತಿನಲ್ಲಿ 4ನೇ ಸ್ಥಾನ ಪಡೆಯಿತು. ಅದರಲ್ಲಿ ಸಹಾಯಕ ಕಾರ್ಡ್ ಇರಲಿಲ್ಲ.

ಗ್ರಾಫಿಕ್ಸ್ ಕಾರ್ಡ್ ತನ್ನ ಹೆಸರಿನಲ್ಲೇ ದೊಡ್ಡ ಕೆಲಸಕ್ಕೆ ನಿಂತದ್ದು ಪುಣೆಯ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದ ಖೋಡದ್‌ನಲ್ಲಿ, ನಾರಾಯಣಗಾಂವ್ ಬಳಿ. ಗೋವಿಂದ್ ಸ್ವರೂಪ್ ಕಲ್ಪಿಸಿದ ಜಿಎಂಆರ್‌ಟಿ ರೇಡಿಯೊ ದೂರದರ್ಶಕದಲ್ಲಿ 45 ಮೀಟರ್ ವ್ಯಾಸದ 30 ಡಿಶ್‌ಗಳಿವೆ. ಅವು ಸುಮಾರು 25 ಕಿಲೋಮೀಟರ್ ಹರಹಿನಲ್ಲಿ ಹಂಚಿಹೋಗಿವೆ. ಇದನ್ನು ನಡೆಸುವ ರಾಷ್ಟ್ರೀಯ ರೇಡಿಯೊ ಖಭೌತ ಕೇಂದ್ರ ಇರುವುದೂ ಗಣೇಶಖಿಂಡ್ ಆವರಣದಲ್ಲೇ. ಪ್ರತಿ ಡಿಶ್ಶಿನಿಂದ ಎರಡು ಸಂಕೇತಗಳು ಬರುತ್ತವೆ. ಯಾವುದೇ ಎರಡು ಡಿಶ್ಶುಗಳನ್ನು ಜೋಡಿ ಮಾಡಿದರೆ ಒಟ್ಟು 435 ಜೋಡಿಗಳಾಗುತ್ತವೆ. ಪ್ರತಿ ಜೋಡಿಯ ಸಂಕೇತಗಳನ್ನು ಒಂದಕ್ಕೊಂದು ಗುಣಿಸಿ, ಸರಾಸರಿ ತೆಗೆದರೆ ಮಾತ್ರ ಆಕಾಶದ ಚಿತ್ರ ಸಿಗುತ್ತದೆ. ಈ ಕೆಲಸ ಮಾಡುವ ಯಂತ್ರವೇ ಕೋರಿಲೇಟರ್.

ಮೊದಲ ಕೋರಿಲೇಟರ್ ವಿಶೇಷ ಚಿಪ್‌ಗಳದ್ದು. 32 ಮೆಗಾಹರ್ಟ್ಸ್ ಅಗಲದ ಸಂಕೇತಪಟ್ಟಿಗೆ ಅದರ ಮಿತಿ. 2010ರ ಹೊತ್ತಿಗೆ ಅದರ ಜಾಗಕ್ಕೆ ಪೇಟೆಯಲ್ಲಿ ಸಿಗುವ ಸಾಮಾನ್ಯ ಗಣಕಗಳ, ಲಿನಕ್ಸ್ ಆಧಾರಿತ ಸಮೂಹ ಬಂತು. ಚಿಪ್ಪು ಕೆತ್ತಿಸುವ ಬದಲು ಪ್ರೋಗ್ರಾಂ ತಿದ್ದಿದರೆ ಸಾಕೆಂಬ ಅನುಕೂಲ ಅದರಿಂದ ಸಿಕ್ಕಿತು. ಆ ದಶಕದಲ್ಲೇ ದೂರದರ್ಶಕವನ್ನು ನವೀಕರಿಸಿದಾಗ ಪಟ್ಟಿಯ ಅಗಲವನ್ನು 400 ಮೆಗಾಹರ್ಟ್ಸ್‌ಗೆ ಏರಿಸಲಾಯಿತು. ಡಿಶ್ಶುಗಳು ಅವೇ 30. ಆದರೆ 60 ಸಂಕೇತಗಳಿಂದ ಸೆಕೆಂಡಿಗೆ ತಲಾ 80 ಕೋಟಿ ಮಾದರಿಗಳೆಂದರೆ ಒಟ್ಟು 4,800 ಕೋಟಿ. ಸಾಮಾನ್ಯ ಪ್ರೊಸೆಸರಿಗೆ ಇದು ನಿಲುಕುವ ಮಾತಲ್ಲ. ಸಂಕೇತವನ್ನು ಅಂಕಿಗಿಳಿಸಿ ಕಳಿಸುವ ಕೆಲಸವನ್ನು ಬೇಕಾದಂತೆ ಮರುಜೋಡಿಸಬಹುದಾದ ಚಿಪ್ಪುಗಳ ಎಫ್‌ಪಿಜಿಎ ಬೋರ್ಡುಗಳಿಗೆ, ಗುಣಾಕಾರದ ಹೊರೆಯನ್ನು ಸರ್ವರುಗಳಲ್ಲಿ ಕೂರಿಸಿದ ಎನ್‌ವಿಡಿಯಾ ಟೆಸ್ಲಾ ಕಾರ್ಡುಗಳಿಗೆ ಹಂಚಲಾಯಿತು. ಆ ಪೀಳಿಗೆಯ ಕೆ40 ಕಾರ್ಡಿನಲ್ಲಿ 2,880 ಕೋರ್‌ಗಳು, 12 ಗಿಗಾಬೈಟ್ ಸ್ಮೃತಿ. ಬಳಸುವ ವಿದ್ಯುತ್ತು 235 ವ್ಯಾಟ್. ಒಂದು ಪೆಟ್ಟಿಗೆಯಲ್ಲಿ ಎರಡು ಕೂತರೆ ಕಾರ್ಡುಗಳಿಗೇ 470 ವ್ಯಾಟ್ ಬೇಕು. ಅಷ್ಟು ಶಾಖವನ್ನು ಹೊರಹಾಕಲು ತಂಪುಗಾಳಿಯೂ ಬೇಕು.

ಖೋಡದ್‌ನಲ್ಲಿ ಎಸ್‌ಎಂಪಿಎಸ್‌ನಿಂದ ಇನ್ನೊಂದು ತೊಡಕೂ ಉಂಟು. ಅದು ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಜೋಡಿಸುತ್ತದೆ. ಆ ಕಡಿತದಿಂದ ರೇಡಿಯೊ ಗದ್ದಲ ಏಳುತ್ತದೆ. ಆಕಾಶದಿಂದ ಬರುವ ಅತಿ ಕ್ಷೀಣ ಸಂಕೇತಕ್ಕೆ ಕಿವಿಗೊಟ್ಟ ಡಿಶ್ಶಿಗೆ ಪಕ್ಕದ ಕಟ್ಟಡದ ಗಣಕವೇ ಶತ್ರು. ಹಾಗಾಗಿ ಈ ಯಂತ್ರಗಳು ಗದ್ದಲ ಹೊರಸೋರದ ಲೋಹದ ಹೊದಿಕೆಯ ಕೋಣೆಯಲ್ಲಿರುತ್ತವೆ.

ಸಿ-ಡ್ಯಾಕ್ ಕೂಡ ಇದೇ ಕಾಲದಲ್ಲಿ ಸಹಾಯಕ ಕಾರ್ಡಿಗೆ ಮರಳಿತು. 2008ರ ಪರಮ್ ಯುವದ ಗರಿಷ್ಠ ವೇಗ 54 ಟೆರಾಫ್ಲಾಪ್. ಅದನ್ನು ನವೀಕರಿಸಿ 2013ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ ಯುವ-2ರದ್ದು 524. ವೆಚ್ಚ ಸುಮಾರು 16 ಕೋಟಿ ರೂಪಾಯಿ. ವೇಗ ಹತ್ತುಪಟ್ಟಿನ ಹತ್ತಿರ ಏರಿದರೂ ವಿದ್ಯುತ್ ಬಳಕೆ ಶೇ. 35ರಷ್ಟು ಇಳಿಯಿತೆಂದು ಸಂಸ್ಥೆ ಪ್ರಕಟಿಸಿತು. ಇದನ್ನು ಸಾಧಿಸಿಕೊಟ್ಟದ್ದು ಇಂಟೆಲ್‌ನ ಜಿಯಾನ್ ಫೈ ಕಾರ್ಡುಗಳು. ಇಂಟೆಲ್ ಗ್ರಾಫಿಕ್ಸ್ ಕಾರ್ಡ್ ಮಾಡಲು ಹೊರಟು ಕೈಬಿಟ್ಟ ಲಾರಾಬೀ ಯೋಜನೆಯ ಕೂಸೇ ಈ ಜಿಯಾನ್ ಫೈ. ಪರಮ್ ಚರಿತ್ರೆಯಲ್ಲಿ ಅತಿ ಜಾಣ ಖರ್ಚು ಯಾವುದೆಂದು ಕೇಳಿದರೆ ಈ ನವೀಕರಣವನ್ನೇ ಹೆಸರಿಸಬೇಕು.

ಆಮೇಲೆ ಬಂದ ಯಂತ್ರಗಳಲ್ಲಿ ಕಾರ್ಡೇ ಯಜಮಾನ, ಪ್ರೊಸೆಸರು ಅದರ ಸಹಾಯಕ. 2020ರ ನವೆಂಬರಿನಲ್ಲಿ ಜಗತ್ತಿನ 63ನೇ ಸ್ಥಾನ ಪಡೆದ ಪರಮ್ ಸಿದ್ಧಿ-ಎಐ, ಎನ್‌ವಿಡಿಯಾದ ಡಿಜಿಎಕ್ಸ್ ಎ100 ಪೆಟ್ಟಿಗೆಗಳಿಂದ ಕಟ್ಟಿದ್ದು. ಅಂಥ ಒಂದು ಪೆಟ್ಟಿಗೆಯಲ್ಲಿ ತಲಾ 400 ವ್ಯಾಟಿನ 8 ಗ್ರಾಫಿಕ್ಸ್ ಪ್ರೊಸೆಸರುಗಳು. ಇಡೀ ಪೆಟ್ಟಿಗೆಯ ಗರಿಷ್ಠ ಬಳಕೆ 6.5 ಕಿಲೋವ್ಯಾಟ್. ಅದನ್ನು ಪೂರೈಸಲು ತಲಾ 3 ಕಿಲೋವ್ಯಾಟಿನ 6 ಎಸ್‌ಎಂಪಿಎಸ್‌ಗಳಿವೆ. ಒಂದೆರಡು ಕೆಟ್ಟರೂ ಲೆಕ್ಕ ನಿಲ್ಲಬಾರದೆಂಬ ಎಚ್ಚರ ಅದು.

2024ರ ಸೆಪ್ಟೆಂಬರ್ 26ರಂದು ದೇಶಕ್ಕೆ ಸಮರ್ಪಿಸಲಾದ ಮೂರು ಪರಮ್ ರುದ್ರ ಯಂತ್ರಗಳ ಒಟ್ಟು ವೆಚ್ಚ 130 ಕೋಟಿ ರೂಪಾಯಿ. ದೆಹಲಿ ಮತ್ತು ಕೋಲ್ಕತ್ತಕ್ಕೆ ಒಂದೊಂದು ಹೋಯಿತು. ಪುಣೆಯ ಪಾಲಿಗೆ ಬಂದದ್ದು ಜಿಎಂಆರ್‌ಟಿಯ ಖಗೋಳ ಸಂಶೋಧನೆಗೆ ಮೀಸಲಾಗಿದೆ.