ಮೊಳಕೆ ಹಿಟ್ಟಿನ ವಾಸನೆ

ಬಾರ್ಲಿ ಅಂದರೆ ನಮ್ಮ ಕಡೆಯ ಹೆಂಗಸರಿಗೆ ಔಷಧ. ಉರಿಮೂತ್ರವಾದರೆ, ಬಸುರಿಯ ಕಾಲು ಬಾತರೆ, ಒಂದು ಹಿಡಿ ಬಾರ್ಲಿ ಕುದಿಸಿ ಸೋಸಿ ಕುಡಿಸುತ್ತೇವೆ. ಬ್ಯಾಡಗಿಯ ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಕೊಡುವುದನ್ನು ಕಂಡಿದ್ದೇನೆಯೇ ಹೊರತು ಅದು ಹೊಲದಲ್ಲಿ ಬೆಳೆದದ್ದನ್ನು ಕಂಡಿಲ್ಲ. ನಮ್ಮಲ್ಲಿ ಜವೆಗೋದಿ ಅಂದರೆ ಹಬ್ಬದ ದಿನ ಹುಗ್ಗಿಗೆ ಹಾಕುವ ಗೋದಿ. ಬಾರ್ಲಿ ಬೇರೆ, ಪರದೇಶದ ನೆಂಟ ಇದ್ದ ಹಾಗೆ. ಈ ಔಷಧದ ಕಾಳಿನಿಂದ ಹೆಂಡವೂ ಆಗುತ್ತದೆ ಎಂದು ನನಗೆ ತಿಳಿದದ್ದು ಮಗಳ ಬಾಣಂತನಕ್ಕೆಂದು 2011ರಲ್ಲಿ ಇಂಗ್ಲೆಂಡಿಗೆ ಹೋದಾಗ.

ಮಗಳ ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ವಿಧವೆ ಇದ್ದರು. ಒಂದು ದಿನ ಕೂಸನ್ನು ನೋಡಲು ಬಂದವರು, 'ನಮ್ಮ ಅಡಿಗೆಮನೆಗೆ ಬನ್ನಿ, ಒಂದು ತಮಾಷೆ ತೋರಿಸುತ್ತೇನೆ' ಎಂದು ಕರೆದರು. ಒಲೆಯ ಮೇಲೆ ನಮ್ಮ ಮದುವೆಮನೆಯ ಸಾರಿನ ಪಾತ್ರೆಯಷ್ಟು ದೊಡ್ಡ ಪಾತ್ರೆ ಕುದಿಯುತ್ತಿತ್ತು. ಅವರು ಮಾಡುತ್ತಿದ್ದದ್ದು ಬಾರ್ಲಿ ವೈನ್. ಹೆಸರು ವೈನ್ ಆದರೂ ಅದರಲ್ಲಿ ಒಂದು ದ್ರಾಕ್ಷಿಯೂ ಇಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು, ಬಿಸಿನೀರಿನಲ್ಲಿ ನೆನೆಸಿ, ಸಿಹಿರಸ ಬಸಿದುಕೊಂಡು, ಹಾಪ್ಸ್ ಎಂಬ ಕಹಿಹೂವು ಹಾಕಿ ಕುದಿಸಿ, ಆರಿದ ಮೇಲೆ ಹುದುಗು ಬೆರೆಸುತ್ತಾರೆ. ಸಾಧಾರಣ ಬಿಯರಿನಲ್ಲಿ ನೂರಕ್ಕೆ ನಾಲ್ಕೈದು ಪಾಲು ಮದ್ಯಸಾರ ಇದ್ದರೆ ಇದರಲ್ಲಿ ಎಂಟರಿಂದ ಹನ್ನೆರಡು. ಕಾಳು ಹೆಚ್ಚು, ನೀರು ಕಡಿಮೆ, ಮೊದಲ ಸಲ ಬಸಿದ ಗಟ್ಟಿ ರಸ ಮಾತ್ರ, ಗುಟ್ಟು ಇಷ್ಟೇ. ಮಾಡಿದ ಕೂಡಲೇ ಕುಡಿಯುವಂತಿಲ್ಲ. ನಮ್ಮ ಮಾವಿನ ಉಪ್ಪಿನಕಾಯಿಯ ಹಾಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮಾಗಬೇಕು. ಹಿಂದೆ ಅಲ್ಲಿಯ ಜಮೀನುದಾರರ ಮನೆಗಳಲ್ಲಿ ವಾರಸುದಾರ ಹುಟ್ಟಿದಾಗ ಇಂಥ ಗಟ್ಟಿ ಪೇಯವನ್ನು ಪೀಪಾಯಿಯಲ್ಲಿ ತುಂಬಿಟ್ಟು, ಅವನಿಗೆ 21 ತುಂಬಿದ ದಿನ ತೆರೆಯುತ್ತಿದ್ದರಂತೆ. ಆಕೆ ನನ್ನ ಮೊಮ್ಮಗಳ ಹೆಸರಿನಲ್ಲಿ ಒಂದು ಬಾಟಲಿ ತೆಗೆದಿಡುವವರಿದ್ದರು.

ನಾನು ಮನೆಯ ಹೊಸ್ತಿಲೊಳಗೆ ಹೆಂಡದ ಹನಿಯೂ ಬರಬಾರದೆನ್ನುವವಳು. ಆದರೂ ಆಕೆ ಮೊಳಕೆ ಬಾರ್ಲಿಯ ಚೀಲದ ಬಾಯಿ ಬಿಚ್ಚಿ ತೋರಿಸಿದಾಗ ಬಗ್ಗಿ ಮೂಸಿದೆ. ಕಣ್ಣಲ್ಲಿ ನೀರು ಬಂತು. ಆ ವಾಸನೆ ನನಗೆ ಹೊಸದಾಗಿರಲಿಲ್ಲ.

ಬ್ಯಾಡಗಿಯಲ್ಲಿ ನನ್ನ ಅಪ್ಪ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಸುಗ್ಗಿಯಲ್ಲಿ ನಮ್ಮ ಹಿತ್ತಲಿಗೂ ಚೀಲಗಳು ಬರುತ್ತಿದ್ದವು. ತುಂಬು ಮುರಿಯಲು ಹೆಣ್ಣಾಳುಗಳು ಬರುತ್ತಿದ್ದರು. ಅವರಲ್ಲಿ ತಾಂಡಾದ ಒಬ್ಬಾಕೆ ಇದ್ದಳು. ನಾವೆಲ್ಲ ಅವಳನ್ನು 'ಬಾಯಿ' ಎಂದೇ ಕರೆಯುತ್ತಿದ್ದೆವು. 1964ರಲ್ಲಿ ನನ್ನ ತಮ್ಮ ಹುಟ್ಟಿದ. ನಾಲ್ಕೈದು ತಿಂಗಳಲ್ಲೇ ಅವ್ವನ ಎದೆಹಾಲು ಬತ್ತಿತು. ಆಕಳ ಹಾಲು ಕೂಸಿಗೆ ಒಗ್ಗಲಿಲ್ಲ, ಗಂಜಿ ಕುಡಿಸಿದರೆ ಕಕ್ಕುತ್ತಿತ್ತು. ಕೈಕಾಲು ಕಡ್ಡಿಯಾದವು. ಒಂದು ದಿನ ಬಾಯಿ ಮೆಣಸಿನಕಾಯಿ ಕೈ ತೊಳೆದುಕೊಂಡು ಒಳಗೆ ಬಂದು, 'ಅವ್ವಾರ, ಗಂಜಿ ದಪ್ಪ ಆಗೇತ್ರಿ. ರಾಗಿ ಮೊಳಕಿ ಕಟ್ರಿ' ಅಂದಳು.

ರಾತ್ರಿ ನೆನೆಸಿದ ರಾಗಿಯನ್ನು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಎರಡು ದಿನ ಇಡಿಸಿದಳು. ಮೊಳಕೆ ಬಂದದ್ದನ್ನು ಬಿಸಿಲಿಗೆ ಒಣಗಿಸಿ, ತಿಕ್ಕಿ, ಕೇರಿ, ತುಸುವೇ ಬೆಚ್ಚಗೆ ಮಾಡಿ ಬೀಸಿಸಿದಳು. ಬೀಸುವಾಗ ಮನೆಯೆಲ್ಲ ಸಿಹಿಯಾದ, ಸುಟ್ಟ ಬೆಲ್ಲದಂಥ ವಾಸನೆ. ದಪ್ಪ ಗಂಜಿಗೆ ಆ ಹಿಟ್ಟು ಒಂದು ಚಮಚೆ ಬಿದ್ದರೆ ನೋಡನೋಡುತ್ತ ಅದು ತೆಳ್ಳಗಾಗುತ್ತಿತ್ತು. ಇದು ಮಂತ್ರವಲ್ಲ. ಕಾಳು ಮೊಳೆಯುವಾಗ ತನ್ನೊಳಗಿನ ಗಂಜಿಯನ್ನು ಸಕ್ಕರೆ ಮಾಡಿಕೊಳ್ಳುವ ಕಿಣ್ವಗಳನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಕೂಸಿನ ಗಂಜಿಯನ್ನು ಹಗುರ ಮಾಡುವುದೂ ಅದೇ, ಇಂಗ್ಲೆಂಡಿನ ಬಾರ್ಲಿಯನ್ನು ಸಿಹಿ ಮಾಡುವುದೂ ಅದೇ. ಅದಕ್ಕೆ ಹುದುಗು ಬಿದ್ದರೆ ಮದ್ಯ, ಬೀಳದಿದ್ದರೆ ಕೂಸಿನ ಊಟ. ನನ್ನ ತಮ್ಮ ಬದುಕಿದ. ಈಗ ಮೊಮ್ಮಕ್ಕಳನ್ನು ಕಂಡಿದ್ದಾನೆ.

ಮೊಳಕೆಯ ಈ ವಿದ್ಯೆ ಲೋಕದ ಬಹಳ ಕಡೆ ಹೆಂಗಸರ ಅಡಿಗೆಮನೆಯದೇ. ನಾಲ್ಕು ಸಾವಿರ ವರ್ಷಗಳ ಹಿಂದೆ ಸುಮೇರಿಯದ ಜನ ಬಿಯರಿಗೆ ನಿನ್‌ಕಾಸಿ ಎಂಬ ದೇವಿಯನ್ನೇ ಪೂಜಿಸುತ್ತಿದ್ದರು. ಕ್ರಿಸ್ತಪೂರ್ವ 401ರ ಸುಮಾರಿಗೆ ಗ್ರೀಕ್ ಸೈನ್ಯದೊಂದಿಗೆ ಅರ್ಮೇನಿಯದ ಹಳ್ಳಿಗಳನ್ನು ಹಾದುಹೋದ ಕ್ಸೆನೊಫೋನ್, ಅಲ್ಲಿಯ ಮನೆಗಳಲ್ಲಿ ಬಾರ್ಲಿಯ ಮದ್ಯ ಕಂಡದ್ದನ್ನು ಬರೆದಿದ್ದಾನೆ: ಮೇಲೆ ಕಾಳು ತೇಲುತ್ತಿದ್ದವು, ಜನ ಜೊಂಡಿನ ಕೊಳವೆಯಿಂದ ಹೀರುತ್ತಿದ್ದರು, ನೀರು ಬೆರೆಸದಿದ್ದರೆ ಬಹಳ ಖಡಕ್ಕಾಗಿತ್ತು. ಇಂಗ್ಲೆಂಡಿನಲ್ಲೂ ಮನೆಗೆ ಬೇಕಾದದ್ದನ್ನು ಮಾಡಿ ಉಳಿದದ್ದನ್ನು ಮಾರುತ್ತಿದ್ದವರು ಹೆಂಗಸರು. 15ನೆಯ ಶತಮಾನದಿಂದೀಚೆಗೆ ಹಾಪ್ಸ್ ಹಾಕಿದ ಬಿಯರು ಬಹಳ ದಿನ ಕೆಡದೆ ಉಳಿಯತೊಡಗಿತು, ದೂರದ ಪೇಟೆಗೆ ಹೋಗತೊಡಗಿತು. ಆಗ ದೊಡ್ಡ ಹಂಡೆ, ದೊಡ್ಡ ಬಂಡವಾಳ ಬೇಕಾಯಿತು. ಲಾಭ ಕಂಡಲ್ಲಿ ಗಂಡಸರು ಬಂದರು, ಹೆಂಗಸರು ಹಿಂದೆ ಸರಿದರು.

ನಮ್ಮಲ್ಲೂ ಹೆಂಡ ನಿನ್ನೆಯದಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮದ್ಯಪಾನದ ವಿನೋದದ ವರ್ಣನೆಯೇ ಇದೆ. ಅದೇ ಶತಮಾನದ ಶರಣರಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯನಿದ್ದ. ರಾಣೆಬೆನ್ನೂರು ತಾಲೂಕಿನ ಚೌಡದಾನಪುರದ ಅಂಬಿಗರ ಚೌಡಯ್ಯನ ಸಾಲಿನಲ್ಲೇ ಅವನ ಹೆಸರೂ ನಿಂತಿದೆ.

ಹೆಂಡವನ್ನು ಸರಕಾರದ ಖಜಾನೆಗೆ ಕಟ್ಟಿಹಾಕಿದವರು ಇಂಗ್ಲಿಷರು. ನಮ್ಮ ಸೀಮೆ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. 1878ರ ಮುಂಬಯಿ ಅಬಕಾರಿ ಕಾಯಿದೆ ಬಂದ ಮೇಲೆ ಪರವಾನಗಿ ಇಲ್ಲದೆ ಗಡಿಗೆ ಇಟ್ಟವರು ಅಪರಾಧಿಗಳಾದರು. ಅದೇ ಕಾಲದಲ್ಲಿ ತಾಂಡಾದವರ ಬದುಕೂ ತಲೆಕೆಳಗಾಯಿತು. ಎತ್ತುಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ದೇಶವನ್ನೆಲ್ಲ ಸುತ್ತಿದ ವ್ಯಾಪಾರಿಗಳು ಅವರು. 1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಹಾದು ಹರಿಹರಕ್ಕೆ ರೈಲು ಬಂತು. ರೈಲು ಒಂದು ದಿನದಲ್ಲಿ ಒಯ್ಯುವುದನ್ನು ಎತ್ತು ಎಷ್ಟು ದಿನಕ್ಕೆ ಒಯ್ದೀತು? ಹೇರಾಟ ನಿಂತಿತು. ಕೂಲಿ ಸಿಕ್ಕವರು ಕೂಲಿಗೆ ಹೋದರು. ಕೂಲಿ ಸಿಗದ ದಿನ ಕೆಲವರು ಬೆಲ್ಲದ ಕೊಳೆ ಹಾಕಿದರು.

ಇನ್ನೊಂದು ಕಡೆ ಕುಡಿತದ ವಿರುದ್ಧ ಎದ್ದವರೂ ನಮ್ಮವರೇ. 1930ರಲ್ಲಿ ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ಮಾಡುವ ಕೆಲಸವನ್ನು ಗಾಂಧೀಜಿ ವಿಶೇಷವಾಗಿ ಹೆಂಗಸರಿಗೆ ಒಪ್ಪಿಸಿದರು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಅದೇ ವರ್ಷ ದಾಂಡಿಗೆ ನಡೆದವರು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದವರು. ಅವರ ಪತ್ನಿ ಸಿದ್ದಮ್ಮನವರೂ ಸಾಬರಮತಿ ಆಶ್ರಮದಲ್ಲಿದ್ದವರು, ಸೆರೆಮನೆ ಕಂಡವರು. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲ ಮರ ಕಡಿಯುವ ಸತ್ಯಾಗ್ರಹವಾದಾಗ ಎಸ್. ನಿಜಲಿಂಗಪ್ಪನವರು ಮುಂದಾಳಾಗಿದ್ದರು. ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಮುಂಬಯಿ ಪಾನನಿರೋಧ ಕಾಯಿದೆ ಆಯಿತು. ನಮ್ಮ ಸೀಮೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಪಾನನಿರೋಧ ಮುಂದುವರಿಯಿತು. ಉಳ್ಳವರಿಗೆ ಆರೋಗ್ಯದ ನೆವದ ಪರ್ಮಿಟ್ ಇತ್ತು. ಇಲ್ಲದವರಿಗೆ ಕಳ್ಳಭಟ್ಟಿ ಇತ್ತು.

ಬಾಯಿಯೂ ಭಟ್ಟಿ ಇಡುತ್ತಿದ್ದಳು. ಬೆಲ್ಲ, ಒಗರಿಗೆ ಬಿಳಿಜಾಲಿಯ ತೊಗಟೆ, ಗಡಿಗೆಯ ಮೇಲೆ ಗಡಿಗೆ. ಮೆಣಸಿನಕಾಯಿ ಸುಗ್ಗಿ ನಾಲ್ಕು ತಿಂಗಳು; ಉಳಿದ ಎಂಟು ತಿಂಗಳು ಐದು ಮಕ್ಕಳ ಹೊಟ್ಟೆ ತುಂಬಬೇಕಲ್ಲ. 1965ರ ಮಳೆಗಾಲದಲ್ಲಿ ಜೀಪು ಬಂದು ಗಡಿಗೆ ಒಡೆದು ಅವಳನ್ನು ಹತ್ತಿಸಿಕೊಂಡು ಹೋಯಿತು. ಮರುದಿನ ಅವಳ ಹಿರಿಯ ಮಗಳು ನಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತಳು. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು.

'ಅವ್ವಾರ, ಅಪ್ಪಾರಿಗೆ ಹೇಳಿ ಜಾಮೀನ ನಿಂದ್ರಸ್ರಿ. ನಮ್ಮವ್ವ ನಿಮ್ಮ ಕೂಸಿನ್ನ ಉಳಿಸ್ಯಾಳ್ರಿ.'

ಅವ್ವ ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡೇ ನಿಂತಿದ್ದಳು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಆಗಂಗಿಲ್ಲವ್ವಾ. ರಾಣೆಬೆನ್ನೂರಾಗ ನನ್ನ ತಂಗಿ ತಾಳಿ ಇಂಥಾ ಗಡಿಗ್ಯಾಗನ ಮುಳಗೇತಿ' ಅಂದಳು. ಒಂದು ಸೇರು ಜೋಳ ತಂದು ಹುಡುಗಿಯ ಸೆರಗಿಗೆ ಹಾಕಿ ಬಾಗಿಲು ಮುಂದೆ ಮಾಡಿದಳು.

ಅವ್ವ ಹೇಳಿದ್ದು ಸುಳ್ಳಲ್ಲ. ಚಿಕ್ಕಪ್ಪ ಅರಳೆ ಪೇಟೆಯಲ್ಲಿ ದುಡಿದದ್ದನ್ನೆಲ್ಲ ಕುಡಿದ. ಸೈಕಲ್ ಟ್ಯೂಬಿನಲ್ಲಿ ಊರೊಳಗೆ ಬರುತ್ತಿದ್ದ ಸಾರಾಯಿಗೆ ಚಿಕ್ಕಮ್ಮನ ತಾಳಿ, ಬೆಂಡೋಲೆ, ಕೊನೆಗೆ ತಾಮ್ರದ ಹಂಡೆಯೂ ಹೋದವು. ಹಂಡೆ ಹೋದ ದಿನ ಚಿಕ್ಕಮ್ಮ ನಮ್ಮ ಮನೆಗೆ ಬಂದು ಅತ್ತದ್ದು ನನಗೆ ನೆನಪಿದೆ. ಹೆಂಗಸಿನ ಕೈಯಿಂದಾದದ್ದು ಎಂದ ಮಾತ್ರಕ್ಕೆ ಆ ಸಾರಾಯಿ ಬೇರೊಬ್ಬ ಹೆಂಗಸಿನ ಮನೆ ಸುಡದೆ ಬಿಡಲಿಲ್ಲ. ಇದನ್ನು ಮರೆತು ಬಾಯಿಯ ಗಡಿಗೆಯನ್ನು ಹೊಗಳಲಾರೆ. ಆದರೆ ಅವ್ವನೂ ಆ ರಾತ್ರಿ ಊಟ ಮಾಡಲಿಲ್ಲ.

ಬಾಯಿಗೆ ಮೂರು ತಿಂಗಳು ಸಜೆಯಾಯಿತು. ಮುಂದಿನ ಸುಗ್ಗಿಗೆ ಅವಳು ನಮ್ಮ ಹಿತ್ತಲಿಗೆ ಬರಲಿಲ್ಲ.

1967ರಲ್ಲಿ ರಾಜ್ಯದಲ್ಲಿ ಪಾನನಿರೋಧ ಹೋಯಿತು. ಆಗ ಮುಖ್ಯಮಂತ್ರಿಗಳು ತುರುವನೂರಿನ ಅದೇ ನಿಜಲಿಂಗಪ್ಪನವರು. ಖಜಾನೆಯ ಕಷ್ಟ ಅವರ ಹಳೆಯ ವ್ರತಕ್ಕಿಂತ ದೊಡ್ಡದಾಗಿರಬೇಕು. ಲಿಲಾವಿನಲ್ಲಿ ಹಿಡಿದ ಸಾರಾಯಿ ಅಂಗಡಿಗಳು ಬಂದವು. ಆ ಸಂತೆಯಲ್ಲಿ ಅವ್ವನಿಗೂ ನನಗೂ ಬಾಯಿ ಎದುರಾದಳು. ಕೊರಳು ಬರಿದಾಗಿತ್ತು. ಗಂಡ ಅಂಗಡಿಯ ಸಾರಾಯಿ ಕುಡಿದು ಹಾದಿಯಲ್ಲಿ ಬಿದ್ದು ಸತ್ತಿದ್ದ. 'ನಾ ಇಟ್ರ ಸಜಾ ಆತ್ರಿ. ಈಗ ಸರಕಾರನ ಇಟ್ಟೈತಿ, ಅದಕ್ಕ ಯಾರು ಸಜಾ ಕೊಡತಾರ್ರಿ?' ಅಂದಳು. ಆಮೇಲೆ ತಗ್ಗಿದ ದನಿಯಲ್ಲಿ, 'ಕೂಸು ಚಲೋ ಅದಾನೇನ್ರಿ?' ಎಂದು ಕೇಳಿದಳು. ಅವ್ವ ಅವಳ ಕೈ ಹಿಡಿದುಕೊಂಡಳು. ಉತ್ತರ ಹೇಳಲು ಅವಳಿಗೆ ದನಿ ಬರಲಿಲ್ಲ.

ಮುಂದಿನದು ನಿಮಗೆಲ್ಲ ಗೊತ್ತಿದ್ದದ್ದೇ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟೆಯ ಹೆಂಗಸರು ಸಾರಾಯಿಯ ವಿರುದ್ಧ ಎದ್ದರು, ಮರುವರ್ಷ ಅಲ್ಲಿ ಸಾರಾಯಿ ನಿಂತಿತು. ನಮ್ಮಲ್ಲಿ 2007ರ ಜುಲೈ 1ರಿಂದ ಬಂದ್ ಆಯಿತು. ಸಾರಾಯಿ ಹೋಯಿತು, ಅಗ್ಗದ ವಿಸ್ಕಿ ಬಂತು. ಕುಡಿತ ಹೋಗಲಿಲ್ಲ.

ಇಂಗ್ಲೆಂಡಿನ ಆ ಅಡಿಗೆಮನೆಯಲ್ಲಿ ಮಗಳು ಇನ್ನೊಂದು ಮಾತು ಹೇಳಿದಳು. ಮನೆಯಲ್ಲಿ ಮಾಡಿಕೊಳ್ಳಲು ಅಲ್ಲಿಯೂ ಹಿಂದೆ ಲೈಸೆನ್ಸ್ ಬೇಕಾಗಿತ್ತಂತೆ. 1963ರಲ್ಲಿ ಅದನ್ನು ತೆಗೆದರು. ಮಾರುವಂತಿಲ್ಲ, ಅಷ್ಟೇ. ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ಬಾಯಿಯನ್ನು ಜೀಪಿಗೆ ಹತ್ತಿಸುವ ಎರಡು ವರ್ಷ ಮೊದಲು. ಒಬ್ಬಾಕೆಗೆ ಅದು ಹವ್ಯಾಸ. ಬಿಡುವಿನಲ್ಲಿ ಮಾಡಿ ವರ್ಷಗಟ್ಟಲೆ ಕಾಯಬಲ್ಲಳು. ಇನ್ನೊಬ್ಬಾಕೆಗೆ ಅದು ಸಂಜೆಯ ಜೋಳ. ಕಾಯಲು ಒಂದು ದಿನವೂ ಇರಲಿಲ್ಲ. ಇಬ್ಬರ ಕೈಗೂ ಹುದುಗಿನ ಹದ ಗೊತ್ತಿತ್ತು.

ಆ ಬಾಟಲಿ ಮಗಳ ಮನೆಯ ಕಪಾಟಿನಲ್ಲಿ ಇನ್ನೂ ಇದೆ. 2032ಕ್ಕೆ ಮೊಮ್ಮಗಳು ಅದನ್ನು ತೆರೆಯುತ್ತಾಳೋ ಬಿಡುತ್ತಾಳೋ, ಅದು ಅವಳ ಇಚ್ಛೆ. ನಾನು ಊರಿಗೆ ಹೊರಡುವ ಮುನ್ನ ಎರಡು ಸೇರು ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿದೆ. ಆ ದೇಶದಲ್ಲಿ ಬಿಸಿಲು ಸಾಲದೆ ಒಲೆಯ ಪಕ್ಕದಲ್ಲಿ ಒಣಗಿಸಬೇಕಾಯಿತು. ಹಿಟ್ಟನ್ನು ಡಬ್ಬಿಗೆ ತುಂಬಿ ಮಗಳ ಕೈಗೆ ಕೊಟ್ಟಾಗ ಅವಳು, 'ಇದನ್ನ ನಿನಗ ಅಮ್ಮ ಕಲಿಸಿದ್ಲೇನು?' ಎಂದು ಕೇಳಿದಳು.

ಇಲ್ಲ ಎಂದೆ. ಯಾರು ಕಲಿಸಿದರು ಎಂದು ಕೂತು ಹೇಳಿದೆ.