ಗುರುತು ಸಿಗದ ತಾಯಿಗೊಂದು ಶೋಕಗೀತೆ: ಸೂಫ್ಯಾನ್ ಸ್ಟೀವನ್ಸರ ‘ಕ್ಯಾರಿ ಆ್ಯಂಡ್ ಲೊವೆಲ್’

ನಾನು ಅಕ್ಕಲಕೋಟ ಕಡೆಯವಳು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಭಜನೆ ಕೂಡಿಸ್ತಾರ. ಆಗ ಹಾಡುವ ತತ್ವಪದ ಸತ್ತವರ ಬಗ್ಗೆ ಇರೋದಿಲ್ಲ, ದೇಹದ ನಶ್ವರತೆಯ ಬಗ್ಗೆ ಇರ್ತದ. ಹೋದವರು ಎಂಥವರು ಅನ್ನೋದು ಕೂತವರಿಗೆಲ್ಲ ಗೊತ್ತು. ಅದನ್ನು ಪದ ಹೇಳಬೇಕಾಗಿಲ್ಲ. ಆದರೆ ಹೋದವರು ಯಾರೆಂಬುದು ಹಾಡುವವನಿಗೇ ಸರಿಯಾಗಿ ಗೊತ್ತಿಲ್ಲದಿದ್ದರೆ? ಈ ಪ್ರಶ್ನೆಯೊಂದಿಗೆ ಇಂದು ಒಂದು ಅಮೆರಿಕನ್ ಆಲ್ಬಮ್ಮನ್ನು ನೋಡೋಣ.

ಸೂಫ್ಯಾನ್ ಸ್ಟೀವನ್ಸ್ 1975ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿದವರು. ತಾಯಿ ಕ್ಯಾರಿ ಖಿನ್ನತೆ, ಸ್ಕಿಜೋಫ್ರೇನಿಯಾ ಮತ್ತು ವ್ಯಸನಗಳಿಂದ ಬಳಲಿದವರು. ಮಗ ಇನ್ನೂ ಒಂದು ವರ್ಷದವನಿದ್ದಾಗ ಮನೆ ಬಿಟ್ಟರು. ಆಮೇಲೆ ಲೊವೆಲ್ ಬ್ರಾಮ್ಸ್ ಎಂಬವರನ್ನು ಮದುವೆಯಾದರು. ಆ ಸಂಸಾರ ನಡೆದದ್ದು ಸುಮಾರು ಐದು ವರ್ಷ. ಆ ಅವಧಿಯಲ್ಲಿ ಮಕ್ಕಳು ಮೂರು ಬೇಸಿಗೆ ಆರೆಗನ್ ರಾಜ್ಯದ ಯೂಜೀನ್ ಊರಿಗೆ ಹೋಗಿ ತಾಯಿಯ ಜೊತೆ ಇದ್ದರು. ತಾಯಿಯ ನೆನಪಿನ ಬಹುಪಾಲು ಅಷ್ಟೇ. 2012ರ ಡಿಸೆಂಬರಿನಲ್ಲಿ ಕ್ಯಾರಿ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡರು. 2015ರ ಮಾರ್ಚ್ 31ರಂದು ಹನ್ನೊಂದು ಹಾಡುಗಳ ಈ ಆಲ್ಬಮ್ ಬಂತು. ಹೊರತಂದ ಅಸ್ಮ್ಯಾಟಿಕ್ ಕಿಟ್ಟಿ ಕಂಪನಿಯನ್ನು ಸ್ಟೀವನ್ಸ್ ಕಟ್ಟಿದ್ದು ಇದೇ ಲೊವೆಲ್ ಜೊತೆ. ಮದುವೆ ಮುರಿದರೂ ಮಲತಂದೆಯ ಸಂಬಂಧ ಮುರಿಯಲಿಲ್ಲ. ಶೀರ್ಷಿಕೆಯಲ್ಲಿ ಎರಡೂ ಹೆಸರು ಬಂದದ್ದಕ್ಕೆ ಅರ್ಥ ಇದೆ.

ಚರಿತ್ರೆಯ ವಿದ್ಯಾರ್ಥಿ ಇಲ್ಲಿ ಒಂದು ಕಡೆ ತಡೆದು ನಿಲ್ಲಬೇಕು. ತಾಯಿ ಬಿಟ್ಟು ಹೋದಾಗ ತನಗೆ ಒಂದು ವರ್ಷ ಅಂತ ಅವರು ಸಂದರ್ಶನದಲ್ಲಿ ಹೇಳಿದ್ದಾರೆ. ಹಾಡಿನಲ್ಲಿ ಮಾತ್ರ ತಾಯಿ ಮಕ್ಕಳನ್ನು ಒಂದು ವಿಡಿಯೋ ಅಂಗಡಿಯಲ್ಲಿ ಬಿಟ್ಟು ಹೋದಾಗ ಮೂರು ವರ್ಷ, ಅಥವಾ ನಾಲ್ಕಿರಬಹುದು ಎನ್ನುತ್ತಾರೆ. ಎರಡೂ ಒಂದೇ ಘಟನೆಯಾಗಿರಲಿ, ಬೇರೆಯಾಗಿರಲಿ, ಹಾಡನ್ನು ನೇರವಾಗಿ ದಾಖಲೆ ಅಂತ ಓದೋಕೆ ಬರೋದಿಲ್ಲ. ಆದರೆ ಆ ‘ಇರಬಹುದು’ ಎನ್ನುವುದೇ ಒಂದು ದಾಖಲೆ. ವಿವರಿಸಿ ಹೇಳಬೇಕಾದವರೇ ಹೊರಟುಹೋದ ಮನೆಯಲ್ಲಿ ಮಗುವಿಗೆ ತನ್ನ ನೆನಪನ್ನು ಯಾರ ಜೊತೆ ತಾಳೆ ನೋಡಬೇಕೆಂದೇ ತಿಳಿಯುವುದಿಲ್ಲ.

ಹಾಗಾದರೆ ಖಾಲಿ ಬಿದ್ದ ಜಾಗವನ್ನು ಅವರು ಯಾವುದರಿಂದ ತುಂಬುತ್ತಾರೆ? ಊರುಗಳಿಂದ. ‘ಫೋರ್ತ್ ಆಫ್ ಜುಲೈ’ ಹಾಡು ಮಗ ಮತ್ತು ಸಾಯುತ್ತಿರುವ ತಾಯಿಯ ನಡುವಿನ ಮಾತುಕತೆ. ಅದರಲ್ಲಿ ಟಿಲ್ಲಮೂಕ್ ಕಾಡಿನ ಬೆಂಕಿಯ ಪ್ರಸ್ತಾಪ ಬರ್ತದ. ಆ ಕಾಡು 1933, 1939, 1945, 1951ರಲ್ಲಿ, ಆರಾರು ವರ್ಷಕ್ಕೊಮ್ಮೆ, ಸುಟ್ಟಿತು. ಆಮೇಲೆ ಶಾಲಾಮಕ್ಕಳೂ ಸೇರಿ ಸಸಿ ನೆಟ್ಟರು. ಸ್ಟೀವನ್ಸ್ ಹುಟ್ಟುವುದಕ್ಕೂ ಮೊದಲಿನ ಬೆಂಕಿ ಅದು. ಸ್ವಂತ ನೆನಪು ಸಾಲದೆ ಇದ್ದಾಗ ಅವರು ಆ ಸೀಮೆಯ ನೆನಪನ್ನು ಕಡ ತಂದಿದ್ದಾರೆ. 2003ರ ‘ಮಿಶಿಗನ್’, 2005ರ ‘ಇಲಿನಾಯ್’ ಆಲ್ಬಮ್‌ಗಳಲ್ಲೂ ರಾಜ್ಯದ ಚರಿತ್ರೆ ಇತ್ತು. ‘ಇಲಿನಾಯ್’ನಲ್ಲಂತೂ ಅದರ ಸುತ್ತ ದೊಡ್ಡ ವಾದ್ಯಮೇಳ. ಇಲ್ಲಿ ಗಿಟಾರ್, ಬ್ಯಾಂಜೋ, ಪಿಯಾನೋ ಮತ್ತು ಪಿಸುದನಿಯೇ ಹೆಚ್ಚು. ಕೆಲವು ಭಾಗಗಳನ್ನು ಆರೆಗನ್ನಿನ ಕ್ಲಾಮತ್ ಫಾಲ್ಸ್ ಊರಿನ ಹೋಟೆಲ್ ಕೋಣೆಯಲ್ಲಿ ಐಫೋನಿನಿಂದ ಧ್ವನಿಮುದ್ರಿಸಿದರು.

ಇದನ್ನು ‘ಇಂಡೀ ಫೋಕ್’ ಅಂತಾರೆ. ನಮ್ಮ ‘ಜನಪದ’ ಶಬ್ದ ಇದಕ್ಕೆ ಒಗ್ಗುವುದಿಲ್ಲ. ಇಲ್ಲಿ ಕರ್ತೃವಿನ ಹೆಸರಿದೆ, ಹಕ್ಕಿದೆ, ಮಾರುಕಟ್ಟೆ ಇದೆ. ಆದ್ದರಿಂದ ಇನ್ನೊಂದು ಪ್ರಶ್ನೆಯೂ ಏಳ್ತದ: ತಾಯಿಯ ಕಾಯಿಲೆ, ತಾಯಿಯ ಸೋಲು ಮಗನ ಆಸ್ತಿಯೇ? 2025ರಲ್ಲಿ ಆಲ್ಬಮ್ಮಿನ ಹತ್ತನೇ ವರ್ಷದ ಆವೃತ್ತಿ ಬಂದಾಗ ಸ್ವತಃ ಸ್ಟೀವನ್ಸ್ ಅದರ ಬಗ್ಗೆ ಮುಜುಗರದಿಂದಲೇ ಮಾತಾಡಿದರು. ಕ್ಯಾರಿಯ ಮಾತೆಂದು ನಾವು ಕೇಳುವುದೆಲ್ಲ ಮಗ ಬರೆದದ್ದು. ಉತ್ತರ ಹೇಳಲು ಆಕೆ ಇಲ್ಲ.

ಗಡಿಭಾಗದಲ್ಲಿ ಕ್ಷೇತ್ರಕಾರ್ಯಕ್ಕೆ ಹೋಗುವ ನಮಗೆ ಇದರಿಂದ ಒಂದು ಕೆಲಸದ ಮಾತು ಸಿಗ್ತದ. ಹಿರಿಯರು ‘ಆಗ ನನಗ ನಾಕೋ ಐದೋ ಇರಬೇಕು’ ಅಂದಾಗ ನಾವು ಲಿಪ್ಯಂತರದಲ್ಲಿ ಒಂದೇ ವಯಸ್ಸು ಬರೆದು ಮುಗಿಸಬಾರದು. ಆ ‘ಇರಬೇಕು’ ಹಾಗೇ ಉಳಿಯಲಿ. ಯಾರನ್ನು ಕಳೆದುಕೊಂಡದ್ದರಿಂದ ಆ ನೆನಪಿಗೆ ಸಾಕ್ಷಿ ಇಲ್ಲವಾಯಿತು ಎಂದು ಮುಂದೆ ಕೇಳುವುದಕ್ಕೆ ಅಲ್ಲಿಂದಲೇ ದಾರಿ.